ಬೋರ್ 74.5 ಆಯ್ತು, ಗ್ಯಾಸ್ಕೆಟ್ 74.3ರಲ್ಲೇ ಉಳಿದಿತ್ತು

ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್, ಎತ್ತಿದ ಕೂಡಲೇ ಕಣ್ಣಿಗೆ ಬಿದ್ದದ್ದು ಒಂದು ಕಪ್ಪು ಗೆರೆ. ಮೂರನೇ ಸಿಲಿಂಡರಿನಿಂದ ನಾಲ್ಕನೆಯದಕ್ಕೆ ಗ್ಯಾಸ್ಕೆಟ್ ಮೇಲೆ, ಅಂದರೆ ಬ್ಲಾಕಿಗೂ ಹೆಡ್‌ಗೂ ನಡುವೆ ಕೂರುವ ಸೀಲ್ ಹಾಳೆಯ ಮೇಲೆ, ಅಡ್ಡವಾಗಿ ಹೋಗಿತ್ತು. ಬೆಂಕಿಕಡ್ಡಿಯಷ್ಟು ಅಗಲ. ಆ ಜಾಗದಲ್ಲಿ ಸಿಲಿಂಡರ್ ಸುತ್ತ ಇರಬೇಕಾದ ಉಕ್ಕಿನ ಉಂಗುರ, ಅಂದರೆ ಫೈರ್ ರಿಂಗ್, ಸುಟ್ಟು ಹರಿದು ಹೋಗಿತ್ತು. ಉಳಿದ ತುದಿಗಳು ಮಡಿಸಿದ ಕಾಗದದ ಹಾಗೆ ಸಿಲಿಂಡರ್ ಒಳಕ್ಕೆ ಬಾಗಿದ್ದವು.

ಎಂಜಿನ್ ಹೊಸದಾಗಿ ಕಟ್ಟಿ ಓಡಿಸಿದ್ದು ಬರೀ 600 ಕಿಲೋಮೀಟರ್.

ಎಂಜಿನ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಅಲ್ಯುಮಿನಿಯಂ ಹೆಡ್, ಪುಶ್‌ರಾಡ್ ವಾಲ್ವ್. ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಹಾಗಾಗಿ 1-2 ಮತ್ತು 3-4 ಜೋಡಿ ಜೋಡಿಯಾಗಿ ಹತ್ತಿರ ಕೂತಿವೆ. ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 80 ಮಿ.ಮೀ. ಲೆಕ್ಕ ಹಾಕಿದರೆ 1339 ಸಿಸಿ. ಬೋರ್ ಸವೆದಿತ್ತು. ಸಿಕ್ಕಿದ ಓವರ್‌ಸೈಜ್ ಪಿಸ್ಟನ್ 1.5 ಮಿ.ಮೀ. ದೊಡ್ಡದು. ರೀಬೋರ್ ಮಾಡಿಸಿದ ಮೇಲೆ 74.5 ಮಿ.ಮೀ., 1395 ಸಿಸಿ ಆಯಿತು.

ಬೋರ್ ಮಾಡಿದವರು ಬ್ಲಾಕ್ ವಾಪಸ್ ಕೊಡುವಾಗ ಒಂದೇ ಒಂದು ಮಾತು ಕೇಳಿದ್ದರು. "ಗ್ಯಾಸ್ಕೆಟ್ ಯಾವುದು ಹಾಕ್ತೀರಿ?"

"ಅದೇ ಸರ್, ಸ್ಟ್ಯಾಂಡರ್ಡ್."

"ಒಂದ್ಸಲ ಬ್ಲಾಕ್ ಮೇಲೆ ಇಟ್ಟು ನೋಡಿ" ಅಂದರು. ನಾನು ಇಟ್ಟು ನೋಡಿದೆ. ಹೆಡ್ ಬಿಗಿಯುವ ಸ್ಟಡ್‌ಗಳಿಗೆ ಸರಿಯಾಗಿ ಇಳಿಯಿತು, ನೀರಿನ ತೂತುಗಳು ಕೂಡಿದವು. ಅಷ್ಟಕ್ಕೆ ಸಮಾಧಾನ ಮಾಡಿಕೊಂಡೆ. ಅವರು ನೋಡಲು ಹೇಳಿದ್ದು ಬೇರೆ ಜಾಗ ಅಂತ ಅರ್ಥವಾಗಿದ್ದು ಈ ಕಪ್ಪು ಗೆರೆ ಕಂಡ ಮೇಲೆ.

ಹೆಡ್ ಬಿಚ್ಚುವ ಮೊದಲೇ

ಗಾಡಿ ಐಡಲಿಂಗ್‌ನಲ್ಲಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಏರು ಬಂದರೆ ಪಿಕಪ್ ಇಲ್ಲ. ನೀರು ಕಮ್ಮಿ ಆಗುತ್ತಿರಲಿಲ್ಲ, ಎಣ್ಣೆಯಲ್ಲಿ ಬಿಳಿ ನೊರೆಯೂ ಇರಲಿಲ್ಲ. ಅದಕ್ಕೇ ಮೊದಲು ಅನುಮಾನ ಹೋಗಿದ್ದು ಕಾರ್ಬ್ಯುರೇಟರ್ ಮೇಲೆ. ಒಂದು ದಿನ ಪೂರ್ತಿ ಅದರಲ್ಲೇ ಕಳೆಯಿತು.

ಕೊನೆಗೆ ಕಂಪ್ರೆಷನ್ ಗೇಜ್ ಹಾಕಿದೆ. ಎಂಜಿನ್ ಬಿಸಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು. ಒಂದನೆಯದು 150 ಪಿಎಸ್‌ಐ, ಎರಡನೆಯದು 148, ಮೂರನೆಯದು 85, ನಾಲ್ಕನೆಯದು 90. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಹೀಗೆ ಬಿದ್ದರೆ ಮೊದಲು ನೋಡಬೇಕಾದ್ದು ಅವೆರಡರ ನಡುವಿನ ಗ್ಯಾಸ್ಕೆಟ್. ವಾಲ್ವ್ ಅಥವಾ ರಿಂಗ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೊಂದೇ ಬೀಳುತ್ತವೆ. ಖಾತ್ರಿ ಮಾಡಿಕೊಳ್ಳೋಕೆ ಮೂರನೇ ಪಿಸ್ಟನ್ ಅನ್ನು ಎರಡೂ ವಾಲ್ವ್ ಮುಚ್ಚಿರುವ ಟಾಪ್ ಡೆಡ್ ಸೆಂಟರ್‌ಗೆ (ತೀರಾ ಮೇಲಿನ ಜಾಗಕ್ಕೆ) ತಂದು, ಪ್ಲಗ್ ತೂತಿನಿಂದ ಗಾಳಿ ಕೊಟ್ಟೆ. ನಾಲ್ಕನೇ ಪ್ಲಗ್ ತೂತಿನಲ್ಲಿ ಬೆರಳಿಟ್ಟರೆ ಉಸಿರು ಬಿಟ್ಟ ಹಾಗೆ ಗಾಳಿ ತಾಗುತ್ತಿತ್ತು.

ನಾಕಿಂಗ್‌ನಿಂದಲೂ, ಅಂದರೆ ಮಿಶ್ರಣ ಸಮವಾಗಿ ಉರಿಯದೆ ಸಿಡಿಯುವುದರಿಂದಲೂ, ಗ್ಯಾಸ್ಕೆಟ್ ಹೀಗೇ ಹೋಗಬಹುದು. ಅದಕ್ಕೆ ಇಗ್ನಿಷನ್ ಟೈಮಿಂಗ್ ನೋಡಿದೆ. ಸರಿಯಾಗಿತ್ತು. ಹೆಡ್ ಬಿಚ್ಚಿದ ಮೇಲೆ ನೋಡಿದರೆ ಪಿಸ್ಟನ್ ತಲೆಯ ಮೇಲೆ ಗುಳಿ ಇಲ್ಲ, ಪ್ಲಗ್ ಪಿಂಗಾಣಿ ಮೇಲೆ ಅಲ್ಯುಮಿನಿಯಂ ಚುಕ್ಕೆ ಇಲ್ಲ. ಹಾಗಾದರೆ ಕಾರಣ ಗ್ಯಾಸ್ಕೆಟ್ ಕೂತ ರೀತಿಯಲ್ಲೇ ಇರಬೇಕು.

ಅಳೆದಾಗ ಸಿಕ್ಕಿದ್ದು

ಸುಡದೆ ಉಳಿದ ಒಂದು ಮತ್ತು ಎರಡನೇ ಸಿಲಿಂಡರಿನ ಉಂಗುರಗಳನ್ನು ವರ್ನಿಯರ್‌ನಿಂದ ಅಳೆದೆ. ಒಳವ್ಯಾಸ 74.3 ಮಿ.ಮೀ. ಉಂಗುರದ ಅಗಲ 2.5 ಮಿ.ಮೀ. ಬೋರ್ 74.5. ಅಂದರೆ ಉಂಗುರ ಬೋರಿಗಿಂತ ಚಿಕ್ಕದು. ಕಾಗದದ ಮೇಲೆ ಒಂದೊಂದು ಬದಿಗೆ 0.1 ಮಿ.ಮೀ. ಮಾತ್ರ. ಅಷ್ಟರಿಂದ ಏನಾಗುತ್ತೆ ಅನ್ನಿಸುತ್ತೆ, ಅಲ್ವಾ? ಆದರೆ ಲೆಕ್ಕ ಅಲ್ಲಿಗೆ ಮುಗಿಯೋದಿಲ್ಲ.

ಬೋರ್ ಆದ ಮೇಲೆ ಮೇಲಂಚಿಗೆ ಒಂದು ಚಿಕ್ಕ ಚಾಂಫರ್, ಅಂದರೆ ಓರೆ ಅಂಚು, ಕೊಡುತ್ತಾರೆ, ಪಿಸ್ಟನ್ ರಿಂಗ್ ಸಲೀಸಾಗಿ ಇಳಿಯಲಿ ಅಂತ. ನನ್ನದರಲ್ಲಿ ಅದು ಸುತ್ತಲೂ 0.5 ಮಿ.ಮೀ. ಹಾಗಾಗಿ ಬ್ಲಾಕಿನ ಚಪ್ಪಟೆ ಜಾಗ ನಿಜವಾಗಿ ಶುರುವಾಗೋದು 75.5 ಮಿ.ಮೀ. ವ್ಯಾಸದಿಂದ. ಉಂಗುರದ ಒಳಬದಿಯ 0.6 ಮಿ.ಮೀ. ಕೆಳಗೆ ಏನೂ ಇಲ್ಲ. 2.5 ಮಿ.ಮೀ. ಅಗಲದಲ್ಲಿ ಸುಮಾರು ಕಾಲುಭಾಗ ಗಾಳಿಯಲ್ಲಿ ತೇಲುತ್ತಿತ್ತು.

ಫೈರ್ ರಿಂಗ್ ಎರಡು ಕೆಲಸದಿಂದ ಬದುಕುತ್ತದೆ. ಒಂದು, ಬ್ಲಾಕ್ ಮತ್ತು ಹೆಡ್ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದಿರಬೇಕು. ಎರಡು, ಅದಕ್ಕೆ ತಾಗಿದ ಬಿಸಿ ಆ ಎರಡು ಲೋಹಗಳಿಗೆ ಹರಿದು ಹೋಗಬೇಕು. ತೇಲುವ ಭಾಗಕ್ಕೆ ಎರಡೂ ಸಿಗೋದಿಲ್ಲ. ಪ್ರತಿ ಸಲ ಬೆಂಕಿ ಹತ್ತಿದಾಗ ಆ ತೆಳು ಅಂಚು ಕಾಯುತ್ತದೆ, ಕೆಂಪಾಗುತ್ತದೆ, ಬಾಗುತ್ತದೆ. ಕೆಂಡದಂಥ ಅಂಚು ಪ್ಲಗ್ ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚಲೂಬಹುದು. ಮಡಿಸಿದ ಉಕ್ಕು ಒಮ್ಮೆ ಬಿಚ್ಚಿಕೊಂಡರೆ ಒಳಗಿನ ಮೆತ್ತನೆ ಪದರಕ್ಕೆ ನೇರವಾಗಿ ಉರಿ ತಾಗುತ್ತದೆ. ಆಮೇಲೆ ಪಕ್ಕದ ಸಿಲಿಂಡರ್ ತಲುಪೋಕೆ ಜಾಸ್ತಿ ದಿನ ಬೇಡ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಳತೆ ಸಿಕ್ಕಿತು. ನನ್ನ ಬ್ಲಾಕಿನಲ್ಲಿ ಗ್ಯಾಸ್ಕೆಟ್ ಜಾಗ ಬಿಡದ ಹಾಗೆ ಹಿಡಿಯುವ ಡೌವೆಲ್ ಪಿನ್ ಇಲ್ಲ. ಗ್ಯಾಸ್ಕೆಟ್ ನಿಲ್ಲೋದು ಸ್ಟಡ್‌ಗಳ ಆಧಾರದ ಮೇಲೆ. ಸ್ಟಡ್ 10 ಮಿ.ಮೀ., ಗ್ಯಾಸ್ಕೆಟ್ ತೂತು 11 ಮಿ.ಮೀ. ಅಂದರೆ ಗ್ಯಾಸ್ಕೆಟ್ ಯಾವ ಕಡೆಗಾದರೂ ಅರ್ಧ ಮಿ.ಮೀ. ಜರುಗಬಹುದು. ಹಳೇ ಗ್ಯಾಸ್ಕೆಟ್ ಅನ್ನು ಮತ್ತೆ ಬ್ಲಾಕ್ ಮೇಲೆ ಇಟ್ಟು, ಉಗುರಿನ ತುದಿಯನ್ನು ಸಿಲಿಂಡರ್ ಗೋಡೆಗೆ ಒತ್ತಿ ಕೆಳಗಿನಿಂದ ಮೇಲಕ್ಕೆ ಎಳೆದೆ. ಎರಡನೇ ಸಿಲಿಂಡರಿನ ಒಂದು ಬದಿಯಲ್ಲಿ ಉಗುರು ಸರಾಗವಾಗಿ ಹೊರಗೆ ಬಂತು. ಎದುರು ಬದಿಯಲ್ಲಿ ಟಕ್ ಅಂತ ಸಿಕ್ಕಿಕೊಂಡಿತು. ಗ್ಯಾಸ್ಕೆಟ್ ಅನ್ನು ಹೆಬ್ಬೆರಳಿನಿಂದ ಚೂರು ತಳ್ಳಿದೆ. ಸಿಕ್ಕಿಕೊಳ್ಳುವ ಜಾಗ ಬದಿ ಬದಲಾಯಿಸಿತು. ಮೇಲಿನಿಂದ ಕಣ್ಣಿಟ್ಟು ನೋಡಿದರೆ ಇದು ಕಾಣೋದೇ ಇಲ್ಲ. ಉಗುರಿಗೆ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ನಾನು ಇಟ್ಟುಕೊಂಡ ಲೆಕ್ಕ ಇದು. ಬೋರ್ 74.5. ಎರಡೂ ಬದಿಯ ಚಾಂಫರ್ ಸೇರಿಸಿದರೆ 75.5. ಎರಡೂ ಬದಿಯ ಜರುಗಾಟ ಸೇರಿಸಿದರೆ 76.5. ಉಂಗುರದ ಒಳವ್ಯಾಸ ಇದಕ್ಕಿಂತ ಕಮ್ಮಿ ಇರಬಾರದು. ಬೋರಿಗಿಂತ 1 ಮಿ.ಮೀ. ದೊಡ್ಡದಿದ್ದರೆ ಸಾಕು ಅನ್ನೋದು ಸಾಮಾನ್ಯವಾಗಿ ಕೇಳಿಬರುವ ಮಾತು. ಡೌವೆಲ್ ಇರುವ, ಚಾಂಫರ್ ಚಿಕ್ಕದಿರುವ ಬ್ಲಾಕಿಗೆ ಅದು ಸರಿ. ನನ್ನದಕ್ಕೆ ಸಾಲದು.

ಹಾಗಂತ ಸುಮ್ನೆ ದೊಡ್ಡದು ಹಾಕಿದರೂ ತೊಂದರೆ. ಜೋಡಿ ಸಿಲಿಂಡರ್‌ಗಳ ನಡುಬಿಂದುಗಳ ದೂರ 84 ಮಿ.ಮೀ. ಬೋರ್ 73 ಇದ್ದಾಗ ನಡುವಿನ ಲೋಹ 11 ಮಿ.ಮೀ. ಇತ್ತು, ಈಗ 9.5. ಆ ಜಾಗದಲ್ಲಿ ಎರಡು ಉಂಗುರ ಕೂರಬೇಕು, ಮಧ್ಯೆ ಒಂದಷ್ಟು ಗ್ಯಾಸ್ಕೆಟ್ ಉಳಿಯಬೇಕು. ಉಂಗುರದ ಹೊರಅಂಚು ನೀರಿನ ತೂತಿನ ಮೇಲೆ ಹೋಗಬಾರದು. ಬೋರಿಗೂ ಉಂಗುರಕ್ಕೂ ನಡುವೆ ಉಳಿಯುವ ಸಂದಿಯಲ್ಲಿ ಸ್ವಲ್ಪ ಮಿಶ್ರಣ ಸಿಕ್ಕಿಕೊಂಡು ಉರಿಯದೇ ಹೋಗುತ್ತದೆ. ಅದೂ ಜಾಸ್ತಿ ಆಗಬಾರದು.

ನನ್ನ ಎಂಜಿನ್ ಒಂದರ ಕಥೆಯಲ್ಲ ಇದು. ಬ್ರಿಟನ್ನಿನ ಕಾರು ಕಂಪನಿ ಬಿಎಂಸಿಯ ಎ-ಸೀರೀಸ್‌ನ 1275 ಸಿಸಿ ಎಂಜಿನ್ ನೋಡಿ. ಮೂಲ ಬೋರ್ 70.6 ಮಿ.ಮೀ. ಅದನ್ನು 73.5ಕ್ಕೆ ಕೊರೆದು 1380 ಸಿಸಿ ಮಾಡುವವರು ಬಹಳ ಜನ. ಒಂದೇ ಬ್ಲಾಕಿನಲ್ಲಿ ಸುಮಾರು 3 ಮಿ.ಮೀ. ವ್ಯತ್ಯಾಸ. ಪಿಸ್ಟನ್ ಆರಿಸುವಾಗಲೇ ಗ್ಯಾಸ್ಕೆಟ್ ಅನ್ನೂ ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ಅಲ್ಲೂ ಇದೇ ಕಪ್ಪು ಗೆರೆ ಬರುತ್ತದೆ.

ಮೂರು ದಾರಿ

ಮೊದಲು ಯೋಚಿಸಿದ್ದು ಇದೇ ಗ್ಯಾಸ್ಕೆಟ್‌ನ ಹೊಸದೊಂದು ತಂದು ಉಂಗುರ ಹಿಗ್ಗಿಸೋದು. ಇದನ್ನು ಮಾಡಲೇಬಾರದು. ಉಂಗುರ ಅಂದರೆ ತೆಳು ಉಕ್ಕನ್ನು ಗ್ಯಾಸ್ಕೆಟ್ ಅಂಚಿನ ಸುತ್ತ ಮಡಿಸಿ ಕೂರಿಸಿದ್ದು. ಒಳಗಡೆ ಅರ್ಧ ಮಿ.ಮೀ. ಉಜ್ಜಿದರೂ ಮಡಿಕೆ ತೆರೆದುಕೊಳ್ಳುತ್ತದೆ. ಆಮೇಲೆ ಅದು ಉಂಗುರವೇ ಅಲ್ಲ.

ಇಲ್ಲೇ ಇನ್ನೊಂದು ಮಾತು. ಹಳೇ ಎಂಜಿನ್‌ಗಳಿಗೆ ಹಳೇ ಸ್ಟಾಕ್ ಗ್ಯಾಸ್ಕೆಟ್ ಸಿಗುತ್ತದೆ, ತಾಮ್ರದ ಹೊದಿಕೆಯದು. ಅದರ ಒಳಗಿರೋದು ಬಹುತೇಕ ಆಸ್‌ಬೆಸ್ಟಾಸ್. ಅದನ್ನು ಕತ್ತರಿಸೋದು, ಉಜ್ಜೋದು, ಡ್ರಿಲ್ ಮಾಡೋದು ಬೇಡ. ಬ್ಲಾಕಿಗೆ ಅಂಟಿಕೊಂಡ ಹಳೇ ತುಣುಕುಗಳನ್ನು ಕೂಡ ವೈರ್ ಬ್ರಷ್‌ನಿಂದ ಒಣಗಿದ್ದಾಗ ಕೆರೆಯಬೇಡಿ. ಒದ್ದೆ ಮಾಡಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ನಿಧಾನಕ್ಕೆ ಎಬ್ಬಿಸಿ, ತಕ್ಕ ಮಾಸ್ಕ್ ಹಾಕಿಕೊಂಡು ಮಾಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರೋದಿಲ್ಲ, ಕಾಯಿಲೆ ಕಾಣಿಸಿಕೊಳ್ಳೋದು ಎಷ್ಟೋ ವರ್ಷದ ಮೇಲೆ.

ಎರಡನೇ ದಾರಿ ತಾಮ್ರದ ಹಾಳೆ. ಬೇಕಾದ ಅಳತೆಗೆ ಕತ್ತರಿಸಬಹುದು, ದಪ್ಪವನ್ನೂ ಆರಿಸಿಕೊಳ್ಳಬಹುದು. ನನಗೆ ಇದರ ಮೇಲೆ ತುಂಬಾ ಆಸೆ ಇತ್ತು. 0.9 ಮಿ.ಮೀ. ಹಾಳೆಯಲ್ಲಿ ನಕ್ಷೆ ಕೂಡ ಬರೆದೆ. ತಾಮ್ರವನ್ನು ಮಂದ ಕೆಂಪು ಬರುವವರೆಗೆ ಕಾಯಿಸಿದರೆ ಮೆತ್ತಗಾಗುತ್ತದೆ. ನೀರಲ್ಲಿ ಅದ್ದಿದರೂ ಸರಿ, ಗಾಳಿಯಲ್ಲಿ ಆರಿಸಿದರೂ ಸರಿ, ಉಕ್ಕಿನ ಹಾಗೆ ಗಡುಸಾಗೋದಿಲ್ಲ. ಆದರೆ ತಾಮ್ರ ನೀರು ಮತ್ತು ಎಣ್ಣೆಯ ತೂತುಗಳ ಸುತ್ತ ತಾನಾಗಿ ಸೀಲ್ ಆಗೋದಿಲ್ಲ. ಅಲ್ಲೆಲ್ಲ ಸೀಲಂಟ್ ಬೇಕು. ಕಂಪ್ರೆಷನ್ ಜಾಸ್ತಿ ಇದ್ದರೆ ಸಿಲಿಂಡರ್ ಸುತ್ತ ತೋಡು ಕೊರೆದು ತಂತಿ ಕೂರಿಸಬೇಕು.

ನನ್ನನ್ನು ನಿಲ್ಲಿಸಿದ್ದು ಹಿಗ್ಗುವಿಕೆಯ ಲೆಕ್ಕ. ಹೆಡ್ ಸುಮಾರು 400 ಮಿ.ಮೀ. ಉದ್ದ. ತಣ್ಣಗಿದ್ದ ಎಂಜಿನ್ 70 ಡಿಗ್ರಿ ಸೆಲ್ಸಿಯಸ್ ಏರಿದರೆ ಅಲ್ಯುಮಿನಿಯಂ ಹೆಡ್ ಉದ್ದಕ್ಕೆ ಸುಮಾರು 0.64 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣದ ಬ್ಲಾಕ್ 0.31. ಪ್ರತಿ ಸಲ ಕಾದು ಆರಿದಾಗ ಎರಡರ ನಡುವೆ ಸುಮಾರು 0.33 ಮಿ.ಮೀ. ಎಳೆದಾಟ. ದಿನಾ ಓಡಿಸುವ ಗಾಡಿಯಲ್ಲಿ ಆ ಉಜ್ಜಾಟವನ್ನು ಗ್ರಾಫೈಟ್ ಮುಖದ ಗ್ಯಾಸ್ಕೆಟ್ ಚೆನ್ನಾಗಿ ತಡೆದುಕೊಳ್ಳುತ್ತದೆ. ಅದರ ಮೇಲ್ಮೈಯೇ ಜಾರುವಂಥದ್ದು. ತಾಮ್ರದ ಸುತ್ತ ಹಚ್ಚಿದ ಸೀಲಂಟ್ ಎಷ್ಟು ದಿನ ತಡೆಯುತ್ತೆ ಅನ್ನೋ ಚಿಂತೆ ನನಗೆ ಬೇಡವಾಗಿತ್ತು. ಆಗಾಗ ಹೆಡ್ ಬಿಚ್ಚುವ ರೇಸ್ ಎಂಜಿನ್ ಆಗಿದ್ದರೆ ತಾಮ್ರವನ್ನೇ ಹಾಕುತ್ತಿದ್ದೆ.

ಪದರ ಪದರದ ಉಕ್ಕಿನ ಗ್ಯಾಸ್ಕೆಟ್, ಅಂದರೆ ಎಂಎಲ್‌ಎಸ್, ಇದನ್ನೂ ವಿಚಾರ ಮಾಡಿದೆ. ಒಳ್ಳೆಯದು, ಆದರೆ ಅದಕ್ಕೆ ಮೇಲ್ಮೈ ಬಹಳ ನುಣುಪಾಗಿರಬೇಕು, ಒರಟುತನ ಸುಮಾರು 0.8 ಮೈಕ್ರಾನ್ ಅಥವಾ ಕಮ್ಮಿ. ನನ್ನ ಬ್ಲಾಕ್ ಅದಕ್ಕಿಂತ ಒರಟು. ಫೇಸಿಂಗ್ (ಮುಖ ಸವರಿ ಸಮ ಮಾಡೋದು) ಮಾಡಿಸಬೇಕು ಅಂದರೆ ಎಂಜಿನ್ ಮತ್ತೆ ಪೂರ್ತಿ ಇಳಿಸಬೇಕು.

ಉಳಿದದ್ದು ಮೂರನೇ ದಾರಿ. ಇದೇ ಕುಟುಂಬದ ದೊಡ್ಡ ಎಂಜಿನ್ನಿನ ಗ್ಯಾಸ್ಕೆಟ್. ಹಳೇ ಕಾಲದ ತಯಾರಕರು ಒಂದೇ ಬ್ಲಾಕಿನ ವಿನ್ಯಾಸವನ್ನು ಹಿಗ್ಗಿಸಿ ಹಿಗ್ಗಿಸಿ ದೊಡ್ಡ ಎಂಜಿನ್ ಮಾಡುತ್ತಿದ್ದರು. ಸಿಲಿಂಡರ್‌ಗಳ ನಡುವಿನ ದೂರ, ಸ್ಟಡ್‌ಗಳ ಜಾಗ ಅದೇ ಇರುತ್ತಿತ್ತು. ಬಿಎಂಸಿಯ ಬಿ-ಸೀರೀಸ್ ಒಳ್ಳೇ ಉದಾಹರಣೆ: 1489 ಸಿಸಿಯಲ್ಲಿ ಬೋರ್ 73 ಮಿ.ಮೀ., 1622 ಸಿಸಿಯಲ್ಲಿ 76.2. ಸ್ಟ್ರೋಕ್ ಎರಡರಲ್ಲೂ 88.9. ನನ್ನ ಎಂಜಿನ್ನಿಗೂ ಅಂಥ ಒಬ್ಬ ಅಣ್ಣ ಇದ್ದಾನೆ. ಅವನ ಗ್ಯಾಸ್ಕೆಟ್ ಗ್ರಾಫೈಟ್ ಮುಖದ್ದು, ಒಳಗೆ ಮುಳ್ಳು ಮುಳ್ಳಾದ ಉಕ್ಕಿನ ಹಾಳೆ, ಆಸ್‌ಬೆಸ್ಟಾಸ್ ಇಲ್ಲ. ಉಂಗುರದ ಒಳವ್ಯಾಸ 77.0 ಮಿ.ಮೀ., ಹೊರವ್ಯಾಸ 82. ಬೇಕಾಗಿದ್ದ 76.5ಕ್ಕಿಂತ ಅರ್ಧ ಮಿ.ಮೀ. ಜಾಸ್ತಿ. ಎರಡು ಉಂಗುರಗಳ ನಡುವೆ 2 ಮಿ.ಮೀ. ಗ್ಯಾಸ್ಕೆಟ್ ಉಳಿಯುತ್ತದೆ. ಸಂದಿಯಲ್ಲಿ ಸಿಕ್ಕಿಕೊಳ್ಳುವ ಜಾಗ ಲೆಕ್ಕ ಹಾಕಿದೆ, ಸಿಲಿಂಡರಿಗೆ ಸುಮಾರು 0.36 ಸಿಸಿ. ಒಪ್ಪಿಕೊಂಡೆ.

ನೀರಿನ ತೂತು ಸುಮ್ನೆ ತೂತಲ್ಲ

ಕೆಲಸ ಶುರುವಾಗಿದ್ದು ಇಲ್ಲಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಬ್ಲಾಕ್ ಮೇಲೆ ಇಟ್ಟು, ಸ್ಟಡ್, ಬೋರ್, ನೀರಿನ ತೂತು, ಎಣ್ಣೆಯ ತೂತು ಎಲ್ಲವನ್ನೂ ಸಣ್ಣ ಮಾರ್ಕರ್‌ನಿಂದ ಬರೆದುಕೊಂಡೆ. ಹೆಡ್‌ಗೆ ಇನ್ನೊಂದು ಹಾಳೆ, ಬೇರೆ ಬಣ್ಣ. ಹಳೇ ಗ್ಯಾಸ್ಕೆಟ್‌ಗೆ ಮೂರನೆಯದು, ಹೊಸದಕ್ಕೆ ನಾಲ್ಕನೆಯದು. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಎಲ್ಲಿ ವ್ಯತ್ಯಾಸ ಇದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ.

ಎಣ್ಣೆಯ ತೂತು 1 ಮಿ.ಮೀ. ಪಕ್ಕಕ್ಕಿತ್ತು. ಆದರೆ ಗ್ಯಾಸ್ಕೆಟ್‌ನಲ್ಲಿ ಅದು 7 ಮಿ.ಮೀ. ಅಗಲ, ಬ್ಲಾಕಿನಲ್ಲಿ 5. ಗ್ಯಾಸ್ಕೆಟ್ ಅನ್ನು ಚೂರು ಹಿಂದಕ್ಕೆ ಒತ್ತಿ ಕೂರಿಸಿದರೆ ಪೂರ್ತಿ ಒಳಗೇ ಬಂತು. ಸುತ್ತಲಿನ ಸಿಲಿಕೋನ್ ಏರಿಗೆ ಏನೂ ಮಾಡಬೇಕಾಗಲಿಲ್ಲ.

ನೀರಿನ ತೂತುಗಳಲ್ಲಿ ಎರಡು ಕಡೆ ವ್ಯತ್ಯಾಸ. ಮುಂದಿನ ಎರಡು ತೂತು ನನ್ನ ಹಳೇ ಗ್ಯಾಸ್ಕೆಟ್‌ನಲ್ಲಿ 4 ಮಿ.ಮೀ., ಹೊಸದರಲ್ಲಿ 6. ಹಿಂದಿನ ಎರಡು ಹಳೆಯದರಲ್ಲಿ 10, ಹೊಸದರಲ್ಲಿ 6.

ಬ್ಲಾಕಿನಲ್ಲೂ ಹೆಡ್‌ನಲ್ಲೂ ತೂತುಗಳು ದೊಡ್ಡವೇ ಇವೆ, ಗ್ಯಾಸ್ಕೆಟ್‌ನಲ್ಲಿ ಮಾತ್ರ ಯಾಕೆ ಚಿಕ್ಕದು ಅಂತ ಅನೇಕರು ಕೇಳುತ್ತಾರೆ. ಚಿಕ್ಕದು ಬೇಕಂತಲೇ ಇಟ್ಟಿದ್ದು. ಪಂಪ್ ಮುಂದೆ ಇದೆ. ನೀರಿಗೆ ಹತ್ತಿರದ ದಾರಿ ಅಂದರೆ ಒಂದನೇ ಸಿಲಿಂಡರಿನ ಪಕ್ಕದ ತೂತಿನಿಂದ ಹೆಡ್‌ಗೆ ಏರಿ, ಥರ್ಮೋಸ್ಟಾಟ್ ಕಡೆಗೆ ಹೋಗಿಬಿಡೋದು. ಹಾಗಾದರೆ ನಾಲ್ಕನೇ ಸಿಲಿಂಡರಿಗೆ ನೀರೇ ಸಾಲೋದಿಲ್ಲ. ಮುಂದೆ ಚಿಕ್ಕ ತೂತು, ಹಿಂದೆ ದೊಡ್ಡ ತೂತು ಇಟ್ಟರೆ ನೀರು ಬ್ಲಾಕಿನ ಉದ್ದಕ್ಕೂ ಹೋಗಿ ಹಿಂದೆ ಮೇಲೇರುತ್ತದೆ. ಯಾವ ಸಿಲಿಂಡರಿಗೆ ಎಷ್ಟು ನೀರು ಅಂತ ತೀರ್ಮಾನ ಮಾಡೋದು ಗ್ಯಾಸ್ಕೆಟ್. ನೀರು ಚೆನ್ನಾಗಿ ಹರಿಯಲಿ ಅಂತ ಎಲ್ಲ ತೂತನ್ನೂ ಹಿಗ್ಗಿಸೋದು ನಾನು ಕಂಡ ಅತಿ ಕೆಟ್ಟ ಬದಲಾವಣೆ.

ಅಣ್ಣ ಎಂಜಿನ್ನಿನ ನೀರಿನ ದಾರಿ ಬೇರೆ, ಅದಕ್ಕೆ ಅದರ ತೂತು ಹಾಗಿದೆ. ನನಗೆ ಬೇಕಿದ್ದದ್ದು ನನ್ನ ಹಳೇ ಅಳತೆ.

ಹಿಂದಿನ ಎರಡು ಸುಲಭ. 10 ಮಿ.ಮೀ. ಹಾಲೋ ಪಂಚ್, ಕೆಳಗೆ ಗಟ್ಟಿ ಮರದ ತುಂಡು, ಎಳೆ ಮೇಲ್ಮುಖವಾಗಿ ಇರುವಂತೆ. ಡ್ರಿಲ್ ಹಾಕಬೇಡಿ. ಡ್ರಿಲ್ ಬಿಟ್ ಗ್ರಾಫೈಟ್ ಅನ್ನು ಹಿಡಿದು ಎಳೆದು ಪದರ ಪದರವಾಗಿ ಕೀಳುತ್ತದೆ. ನಾನು ಮೊದಲು ಸುಟ್ಟ ಗ್ಯಾಸ್ಕೆಟ್ ಮೇಲೆ ಐದಾರು ತೂತು ಹೊಡೆದು ಕೈ ಕೂರಿಸಿಕೊಂಡೆ. ಪಂಚ್ ನೆಟ್ಟಗೆ ಹಿಡಿದು, ಒಂದೇ ಗಟ್ಟಿ ಏಟು. ಎರಡು ಮೂರು ಸಣ್ಣ ಏಟು ಹೊಡೆದರೆ ಅಂಚು ಜಜ್ಜಿ ಹೋಗುತ್ತದೆ. ಹೊಡೆದ ಮೇಲೆ ಗ್ಯಾಸ್ಕೆಟ್ ತಿರುಗಿಸಿ ನೋಡಿದೆ. ಒಳಗಿನ ಉಕ್ಕಿನ ಹಾಳೆಯ ಚೂಪು ತುದಿ ಕೂದಲೆಳೆಯಷ್ಟು ಎದ್ದಿತ್ತು. ಅದನ್ನು ನುಣುಪಾದ ಚಪ್ಪಟೆ ಕಬ್ಬಿಣದ ಮೇಲಿಟ್ಟು, ಸುತ್ತಿಗೆಯ ತಲೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿದೆ. ಬೆರಳು ಆಡಿಸಿದರೆ ಏನೂ ತಾಗಬಾರದು. ಹೊಸ ತೂತಿನ ಅಂಚಿಗೂ ಫೈರ್ ರಿಂಗಿಗೂ ನಡುವೆ 5 ಮಿ.ಮೀ. ಉಳಿದಿತ್ತು. 4ಕ್ಕಿಂತ ಕಮ್ಮಿ ಬಂದಿದ್ದರೆ ನಾನು ಹೊಡೆಯುತ್ತಿರಲಿಲ್ಲ.

ಮುಂದಿನ ಎರಡನ್ನು ಗ್ಯಾಸ್ಕೆಟ್‌ನಲ್ಲಿ ಚಿಕ್ಕದು ಮಾಡೋಕೆ ಆಗೋದಿಲ್ಲ. ಆದ್ದರಿಂದ ಹೆಡ್ ಬದಲಾಯಿಸಿದೆ. ಹೆಡ್‌ನಲ್ಲಿ ಆ ತೂತು 8.5 ಮಿ.ಮೀ., ಅಂದರೆ ಎಂ10 ಟ್ಯಾಪ್‌ಗೆ ಸರಿಯಾದ ಅಳತೆ. ಚೂಡಿ (ಥ್ರೆಡ್) ಕೊರೆದು, ಅಲ್ಯುಮಿನಿಯಂ ಸರಳಿನಿಂದ ಬಿರಡೆಯಂಥ ಎರಡು ಪ್ಲಗ್ ಕಡೆದು, ನಡುವೆ 4 ಮಿ.ಮೀ. ತೂತು ಹಾಕಿ, ಥ್ರೆಡ್ ಸೀಲಂಟ್ ಹಚ್ಚಿ ಕೂರಿಸಿದೆ. ಹಿತ್ತಾಳೆ ಕೈಗೆ ಸಿಗುವಂತಿತ್ತು, ಆದರೆ ಕೂಲಂಟ್‌ನಲ್ಲಿ ಹಿತ್ತಾಳೆ ಮತ್ತು ಅಲ್ಯುಮಿನಿಯಂ ಜೊತೆ ಇದ್ದರೆ ಅಲ್ಯುಮಿನಿಯಂ ತಿಂದು ಹೋಗುತ್ತದೆ. ಈ ಕೆಲಸ ಬ್ಲಾಕ್ ಕಡೆ ಮಾಡದೆ ಹೆಡ್ ಕಡೆ ಮಾಡಿದ್ದಕ್ಕೆ ಕಾರಣ ಲೋಹದ ಪುಡಿ. ಹೆಡ್ ಅನ್ನು ಎತ್ತಿ ತೊಳೆಯಬಹುದು.

ಹೆಡ್, ಬ್ಲಾಕ್, ಅಳತೆ

ಪ್ಲಗ್ ಕೂರಿಸಿದ ಮೇಲೆಯೇ ಹೆಡ್ ಫೇಸಿಂಗ್‌ಗೆ ಹೋಯಿತು, ಪ್ಲಗ್ ಮುಖವೂ ಒಟ್ಟಿಗೆ ಸಮ ಆಗಲಿ ಅಂತ. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಹೆಡ್ ಉದ್ದಕ್ಕೆ 0.12 ಮಿ.ಮೀ. ಬಾಗಿತ್ತು. 0.15 ತೆಗೆಸಿದೆ. ಬ್ಲಾಕ್ 0.04ರ ಒಳಗಿತ್ತು, ಅದನ್ನು ಮುಟ್ಟಲಿಲ್ಲ.

ಬ್ಲಾಕಿನಲ್ಲಿ ಒಂದು ಸಣ್ಣ ಸಂಗತಿ ಮಾತ್ರ ಸರಿ ಮಾಡಬೇಕಿತ್ತು. ವರ್ಷಗಟ್ಟಲೆ ಟಾರ್ಕ್ ಬಿದ್ದು ಬಿದ್ದು ಸ್ಟಡ್ ತೂತುಗಳ ಮೇಲಂಚಿನ ಚೂಡಿ ಸ್ವಲ್ಪ ಮೇಲಕ್ಕೆದ್ದಿತ್ತು. ಬರಿಗಣ್ಣಿಗೆ ಕಾಣೋದಿಲ್ಲ. ಎಣ್ಣೆಕಲ್ಲನ್ನು ಚಪ್ಪಟೆಯಾಗಿ ಎಳೆದಾಗ ಪ್ರತಿ ತೂತಿನ ಸುತ್ತ ಹೊಳೆಯುವ ಉಂಗುರ ಕಂಡಿತು. ಆ ಉಬ್ಬಿನ ಮೇಲೆ ಹೆಡ್ ಕೂತರೆ, ಟಾರ್ಕ್ ಎಷ್ಟೇ ಕೊಟ್ಟರೂ ಒತ್ತಡ ಬೀಳೋದು ಸ್ಟಡ್ ಸುತ್ತ, ಫೈರ್ ರಿಂಗ್ ಮೇಲೆ ಅಲ್ಲ. ಸ್ಟಡ್ ಬಿಚ್ಚಿ, ಕೌಂಟರ್‌ಸಿಂಕ್ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ 1 ಮಿ.ಮೀ. ಆಳ ತೆಗೆದೆ. ಬೋರ್‌ಗಳಿಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿದ್ದೆ. ತೂತುಗಳ ತಳದಲ್ಲಿ ನಿಂತಿದ್ದ ಎಣ್ಣೆ, ನೀರು ಎಲ್ಲ ಹೀರಿ ತೆಗೆದೆ. ಅದು ಉಳಿದರೆ ಸ್ಟಡ್ ತಿರುಗಿಸುವಾಗ ಬ್ಲಾಕೇ ಸೀಳಬಹುದು.

ಆಮೇಲೆ ಕಂಪ್ರೆಷನ್ ಅನುಪಾತ. ಫೇಸಿಂಗ್ ಆದ ಹೆಡ್ ಮಗುಚಿ ಇಟ್ಟು, ಸ್ಪಾರ್ಕ್ ಪ್ಲಗ್ ಮತ್ತು ವಾಲ್ವ್ ಹಾಕಿ, ತೂತಿರುವ ಪಾರದರ್ಶಕ ಅಕ್ರಿಲಿಕ್ ತಟ್ಟೆಯನ್ನು ಗ್ರೀಸ್‌ನಿಂದ ಕೂರಿಸಿ, ಬ್ಯುರೆಟ್‌ನಿಂದ ಬಣ್ಣದ ನೀರು ಬಿಟ್ಟೆ. ಚೇಂಬರ್ 38.0 ಸಿಸಿ. ಪಿಸ್ಟನ್ ತಲೆಯ ತಗ್ಗು 3.0. ಪಿಸ್ಟನ್ ಮೇಲೆ ಬಂದಾಗ ಬ್ಲಾಕಿಗಿಂತ 0.4 ಮಿ.ಮೀ. ಕೆಳಗೆ ನಿಲ್ಲುತ್ತದೆ, ಅದರಿಂದ 1.74. ಗ್ಯಾಸ್ಕೆಟ್ ಒತ್ತಿದ ಮೇಲೆ 1.2 ಮಿ.ಮೀ. ದಪ್ಪ, ಉಂಗುರ 77, ಅದರಿಂದ 5.59. ಒಟ್ಟು 48.33 ಸಿಸಿ. ಒಂದು ಸಿಲಿಂಡರಿನ ಸ್ವೆಪ್ಟ್ ವಾಲ್ಯೂಮ್ (ಪಿಸ್ಟನ್ ಓಡಾಡುವ ಜಾಗ) 348.7. ಅನುಪಾತ 8.2. ತಾಮ್ರದ 0.9 ಮಿ.ಮೀ. ಹಾಳೆಯಲ್ಲಿ 76.5ಕ್ಕೆ ಕತ್ತರಿಸಿದ್ದರೆ ಸುಮಾರು 8.44 ಬರುತ್ತಿತ್ತು. ಗ್ಯಾಸ್ಕೆಟ್ ದಪ್ಪ 0.3 ಮಿ.ಮೀ. ಬದಲಾದರೆ ಇಷ್ಟು ವ್ಯತ್ಯಾಸ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ್ದು ಒತ್ತಿದ ಮೇಲಿನ ದಪ್ಪ, ಪ್ಯಾಕೆಟ್‌ನಿಂದ ತೆಗೆದಾಗಿನ ದಪ್ಪ ಅಲ್ಲ.

ಕೂರಿಸಿದ್ದು

ಬ್ಲಾಕ್ ಮುಖ, ಹೆಡ್ ಮುಖ ಎರಡನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿದೆ. ಪಂಚ್ ಹೊಡೆದ ಎರಡು ತೂತಿನ ಸುತ್ತ ಮಾತ್ರ ಸೀಲಂಟ್‌ನ ತೆಳು ಲೇಪ. ಬೇರೆಲ್ಲೂ ಏನೂ ಹಚ್ಚಲಿಲ್ಲ. ಗ್ರಾಫೈಟ್‌ಗೆ ಗ್ರೀಸ್ ಅಥವಾ ಎಣ್ಣೆ ಶತ್ರು.

ಗ್ಯಾಸ್ಕೆಟ್ ಇಳಿಸಿ, ಹಿಂದಕ್ಕೆ ಒತ್ತಿ, ಮತ್ತೆ ಉಗುರಿನ ಪರೀಕ್ಷೆ. ನಾಲ್ಕೂ ಸಿಲಿಂಡರ್, ಸುತ್ತಲೂ. ಎಲ್ಲೂ ಸಿಕ್ಕಲಿಲ್ಲ. ಉಗುರು ಗೋಡೆಯಿಂದ ಚಾಂಫರ್‌ಗೆ, ಚಾಂಫರ್‌ನಿಂದ ಚಪ್ಪಟೆಗೆ ಬಂದು, ಆಮೇಲೆ ಉಂಗುರಕ್ಕೆ ತಾಗಿತು. ಹಿಂಬದಿಯಲ್ಲಿ ಆ ಚಪ್ಪಟೆ ಪಟ್ಟಿ ಅಗಲ, ಮುಂಬದಿಯಲ್ಲಿ ಕಿರಿದು, ಆದರೆ ಇತ್ತು. ಈ ಎಂಜಿನ್ನಿನಲ್ಲಿ ನನಗೆ ಅತಿ ಖುಷಿ ಕೊಟ್ಟ ಕ್ಷಣ ಅದು.

ಹೆಡ್ ಇಳಿಸುವಾಗ ಗ್ಯಾಸ್ಕೆಟ್ ಜರುಗದ ಹಾಗೆ ಎರಡು ಮೂಲೆಯ ಸ್ಟಡ್‌ಗಳಿಗೆ ತೆಳು ಟೇಪ್ ಸುತ್ತಿದ್ದೆ. ನಟ್ ಬಿಗಿ ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ: 25, 50, ಕೊನೆಗೆ ಮ್ಯಾನ್ಯುಯಲ್ ಹೇಳುವ 70 ನ್ಯೂಟನ್ ಮೀಟರ್. ವಾಶರ್‌ಗಳು ಹೊಸವು, ಚೂಡಿಗೆ ಒಂದು ಹನಿ ಎಣ್ಣೆ.

ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆಯುವವರೆಗೆ ಕಾಯಿಸಿ, ರಾತ್ರಿ ಪೂರ್ತಿ ಆರಲು ಬಿಟ್ಟೆ. ಬೆಳಿಗ್ಗೆ ತಣ್ಣಗಿರುವಾಗ ಅದೇ ಕ್ರಮದಲ್ಲಿ ಒಂದೊಂದೇ ನಟ್ ಕಾಲು ಸುತ್ತು ಸಡಿಲಿಸಿ ಮತ್ತೆ 70ಕ್ಕೆ ತಂದೆ. ಮೊದಲ ನಾಲ್ಕು ನಟ್ ಹಿಂದಿನ ಗುರುತಿಗಿಂತ ಸ್ವಲ್ಪ ಮುಂದಕ್ಕೆ ಬಂದವು, ಅಂದರೆ ಗ್ಯಾಸ್ಕೆಟ್ ಕೂತಿದೆ. ಇಂಥ ಗ್ಯಾಸ್ಕೆಟ್‌ಗೆ ಮತ್ತೆ ಬಿಗಿ ಬೇಕಾ ಬೇಡವಾ ಅನ್ನೋದು ತಯಾರಕರು ಹೇಳಿದಂತೆ. ನನ್ನದರ ಹಾಳೆಯಲ್ಲಿ ಬೇಕು ಅಂತಿತ್ತು. ಬಿಗಿದ ಮೇಲೆ ವಾಲ್ವ್ ಕ್ಲಿಯರೆನ್ಸ್ ಮತ್ತೆ ಹೊಂದಿಸಿದೆ. ಎರಡು ವಾಲ್ವ್‌ಗಳಲ್ಲಿ ಸಂದಿ ಕಮ್ಮಿ ಆಗಿತ್ತು.

ಕೂಲಿಂಗ್ ಸಿಸ್ಟಮ್‌ಗೆ 1 ಬಾರ್ ಗಾಳಿ ಕೊಟ್ಟು ಅರ್ಧ ಗಂಟೆ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ. 500 ಕಿಲೋಮೀಟರ್ ಓಡಿಸಿ ಕಂಪ್ರೆಷನ್ ನೋಡಿದೆ: 158, 156, 157, 159. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಹೆಡ್‌ನ ಮುಂದೆ 84 ಡಿಗ್ರಿ, ಹಿಂದೆ 89. ಐದು ಡಿಗ್ರಿ ವ್ಯತ್ಯಾಸ ನನಗೆ ಒಪ್ಪಿಗೆ.

ಇವತ್ತಿಗೆ 4,200 ಕಿಲೋಮೀಟರ್ ಆಗಿದೆ. ಮೊನ್ನೆ ಮತ್ತೆ ಗೇಜ್ ಹಾಕಿದೆ, ಮೂರು ಮತ್ತು ನಾಲ್ಕು ಎರಡೂ 158. ಆ ನಾಲ್ಕು ಪ್ಲಾಸ್ಟಿಕ್ ಹಾಳೆಗಳನ್ನು ಸುತ್ತಿ ಇಟ್ಟಿದ್ದೇನೆ. ಒಂದರ ಅಂಚಿನಲ್ಲಿ ಮಾರ್ಕರ್‌ನಿಂದ 76.5 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದೆ.